ಲೀಲಮ್ಮನ ತವರು

ಸಾತನೂರಿನ ಬಸ್ ನಿಲ್ದಾಣದಲ್ಲಿ ಇಳಿದು ಲೀಲಮ್ಮನ ಮನೆ ಯಾವುದೆಂದು ಕೇಳಿದರೆ, ಹಸು ಹೊಡೆದುಕೊಂಡು ಹೋಗುವವರೂ ನಿಂತು ದಾರಿ ತೋರಿಸುತ್ತಾರೆ. ಸುತ್ತೇಳು ಹಳ್ಳಿಗೆ ಆಕೆಯೊಬ್ಬಳೇ ಬಿಳಿ ಹೆಂಗಸು. ಕಣ್ಣು ಹಸಿರು, ಕೂದಲು ಒಂದು ಕಾಲಕ್ಕೆ ಜೋಳದ ತೆನೆಯ ಕುಚ್ಚಿನ ಬಣ್ಣ, ಈಗ ಪೂರ್ತಿ ಬೆಳ್ಳಿ. ಆದರೆ ಡೇರಿಯಲ್ಲಿ ಹಾಲಿನ ಫ್ಯಾಟು ಕಡಿಮೆ ತೋರಿಸಿದರೆ ಆಕೆ ಬೈಯುವ ಬೈಗುಳ ಕೇಳಿ, ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರು ಬೈಕು ನಿಲ್ಲಿಸಿ ತಿರುಗಿ ನೋಡುತ್ತಾರೆ.

ಅವಳ ಹೆಸರು ಲ್ಯೂದ್ಮಿಲ, ತವರಿನವರ ಬಾಯಲ್ಲಿ ಲ್ಯೂದಾ. ಹುಟ್ಟಿದ್ದು ಖಾರ್ಕಿವ್ ಎಂಬ ನಗರದಲ್ಲಿ. ಆ ಊರಿನ ಕಾಲೇಜಿಗೆ ಸಾತನೂರಿನ ಪುಟ್ಟಸ್ವಾಮಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಟ್ರ್ಯಾಕ್ಟರ್ ಎಂಜಿನಿಯರಿಂಗ್ ಓದಲು ಹೋಗಿದ್ದ. ಹಾಸ್ಟೆಲಿನಲ್ಲಿ ಅವನ ಜೊತೆಗಾರ ಕೋಲ್ಯಾ ಎಂಬ ರಷ್ಯದ ಹುಡುಗ. ಕೋಲ್ಯಾ ಪ್ರೀತಿಸುತ್ತಿದ್ದದ್ದು ವೇರಾ ಎಂಬವಳನ್ನು. ಅವಳ ಮನೆಗೆ ಹೋಗುವಾಗಲೆಲ್ಲ ಒಬ್ಬನೇ ಹೋಗಲು ನಾಚಿಕೆಯಾಗಿ ಪುಟ್ಟಸ್ವಾಮಿಯನ್ನೂ ಎಳೆದೊಯ್ಯುತ್ತಿದ್ದ. ವೇರಾಳ ತಂಗಿಯೇ ಲ್ಯೂದ್ಮಿಲ. ಇಬ್ಬರು ಗೆಳೆಯರೂ ಅಕ್ಕತಂಗಿಯರನ್ನು ಮದುವೆಯಾಗಿ ಷಡ್ಡಕರಾದರು. ವೇರಾ ಕೋಲ್ಯಾನ ಊರು ಬೆಲ್ಗೊರದಿಗೆ ಹೋದಳು. ಲ್ಯೂದ್ಮಿಲ ಸಾತನೂರಿಗೆ ಬಂದಳು. ಕೊನೆಯವಳು ಗಾಲ್ಯಾ ತಾಯಿಯ ಬಳಿ ಉಳಿದಳು.

ಬೆಲ್ಗೊರದಿಗೂ ಖಾರ್ಕಿವ್‌ಗೂ ಸಾತನೂರಿನಿಂದ ಬೆಂಗಳೂರಿಗಿರುವಷ್ಟೇ ದೂರ. ಒಂದು ರಷ್ಯಕ್ಕೆ ಸೇರಿದ್ದು, ಇನ್ನೊಂದು ಉಕ್ರೇನಿಗೆ ಸೇರಿದ್ದು ಎಂಬುದು ಆಗ ಭೂಪಟದ ಮೇಲಿನ ಒಂದು ಗೆರೆ, ಅಷ್ಟೆ. ಎರಡೂ ಒಂದೇ ದೇಶದೊಳಗಿದ್ದವು. ವೇರಾ ಶನಿವಾರ ರೈಲು ಹತ್ತಿ ತವರಿಗೆ ಬಂದು, ಭಾನುವಾರ ಸಂಜೆ ಉಪ್ಪಿನಕಾಯಿ ಭರಣಿ ಹೊತ್ತು ಗಂಡನ ಮನೆಗೆ ಮರಳುತ್ತಿದ್ದಳು.

ಸಾತನೂರಿನಲ್ಲಿ ಸೊಸೆಯನ್ನು ಹೊಸಿಲ ಹೊರಗೆ ನಿಲ್ಲಿಸಿಕೊಂಡು ಅತ್ತೆ ದೊಡ್ಡಲಕ್ಷ್ಮಮ್ಮ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ ಸೋತಿದ್ದಳು. "ನಾಲ್ಗೆ ತಿರುಗಾಕಿಲ್ಲ ಕಣವ್ವ. ಲೀಲಮ್ಮ ಅಂತೀನಿ. ಬಲಗಾಲಿಟ್ಟು ಒಳೀಕ್ ಬಾ."

ಬಂದ ಮಾರನೇ ವರ್ಷವೇ ಅವಳು ಹುಟ್ಟಿದ ದೇಶ ಇಲ್ಲವಾಯಿತು. ರಾಮನಗರದ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾಗಿದ್ದ ಪುಟ್ಟಸ್ವಾಮಿ ಸಂಜೆ ಪೇಪರು ಹಿಡಿದು ಬಂದು ಸುದ್ದಿ ಹೇಳಿದ. ದೊಡ್ಡಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. "ದೇಶ ಇಲ್ಲ ಅಂದ್ರೇನ್ಲಾ? ಕೆರೆ ಒಡ್ದೋಗಂಗೆ ಒಡ್ದೋಯ್ತದಾ?" ಎಂದಳು. ಲೀಲಮ್ಮ ಮಾತ್ರ ನಕ್ಕಳು. ದೇಶ ಹೋದರೇನು, ಅಮ್ಮನ ಮನೆ ಅಲ್ಲೇ ಇದೆ, ಅಕ್ಕನ ಮನೆ ಅಲ್ಲೇ ಇದೆ, ನಡುವೆ ರೈಲು ಓಡುತ್ತಿದೆ.

ಐದಾರು ವರ್ಷ ಕಳೆದು ಮಗಳು ಶ್ವೇತಳನ್ನು ಎತ್ತಿಕೊಂಡು ತವರಿಗೆ ಹೋದಾಗ, ಅಕ್ಕನ ಊರಿಂದ ಹೊರಟ ಆ ರೈಲಿಗೆ ದಾರಿಯಲ್ಲಿ ಎರಡು ಸಲ ಸಮವಸ್ತ್ರದವರು ಹತ್ತಿದರು. ಮೊದಲು ಒಂದು ದೇಶದವರು, ಆಮೇಲೆ ಇನ್ನೊಂದು ದೇಶದವರು. ಇಬ್ಬರೂ ಪಾಸ್‌ಪೋರ್ಟ್ ಕೇಳಿ ಮೊಹರು ಒತ್ತಿದರು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು: "ಮಗಳು ತಾಯಿ ಮನೆಗೆ ಬರೋಕೆ ಎರಡೆರಡು ಮೊಹರು!" ವೇರಾ ನಕ್ಕಳು, ಗಾಲ್ಯಾ ನಕ್ಕಳು. ಆಗ ನಗು ಬರುತ್ತಿತ್ತು.

ಮುಂದಿನ ಸಲ ಹೋದಾಗ ನಗು ಒಸಿ ಕಡಿಮೆಯಾಗಿತ್ತು. ಗಾಲ್ಯಾ ಶಾಲೆಯಲ್ಲಿ ಉಕ್ರೇನಿ ಭಾಷೆ ಕಲಿಸುವ ಮೇಡಮ್ಮಾಗಿದ್ದಳು. ಮನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ರಷ್ಯನ್ನೇ. ಹಳ್ಳಿಯ ಅಜ್ಜಿ ಆಡುತ್ತಿದ್ದ ಉಕ್ರೇನಿಯನ್ನು ಚಿಕ್ಕಂದಿನಲ್ಲಿ ಮೂವರೂ ಅಣಕಿಸಿ ನಕ್ಕವರೇ. ಈಗ ವೇರಾ, "ನಿಮ್ಮ ಸರ್ಕಾರ ನಮ್ಮ ಭಾಷೆ ಕಿತ್ಕೊಳ್ತಿದೆ" ಎಂದಳು. ಗಾಲ್ಯಾ, "ಅಜ್ಜಿ ಭಾಷೇನ ದನ ಕಾಯೋರ ಭಾಷೆ ಅಂತ ಇಷ್ಟು ವರ್ಷ ಹೀಯಾಳಿಸಿದ್ದು ಯಾರು?" ಎಂದಳು. ಅಮ್ಮ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಸಾರು ಹಾಕಿ ಬಾಯಿ ಮುಚ್ಚಿಸಿದಳು. ವೇರಾಳ ಮನೆಯ ಟಿವಿಯಲ್ಲಿ ಒಂದು ಲೋಕ, ಗಾಲ್ಯಾಳ ಮನೆಯ ಟಿವಿಯಲ್ಲಿ ಇನ್ನೊಂದು ಲೋಕ. ಲೀಲಮ್ಮ ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯಲ್ಲಿ ತಲೆಯಾಡಿಸಿ ಸಾತನೂರಿಗೆ ವಾಪಸಾದಳು.

ಶ್ವೇತಳ ಮದುವೆ ಆದದ್ದು ಎರಡು ಸಾವಿರದ ಹದಿಮೂರರ ಕೊನೆಯಲ್ಲಿ. ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಬರಲೇಬೇಕೆಂದು ಮಗಳು ಹಟ ಹಿಡಿದದ್ದರಿಂದ ವೇರಾ, ಕೋಲ್ಯಾ, ಗಾಲ್ಯಾ ಮೂವರೂ ಬಂದರು. ಚಪ್ಪರದ ದಿನ ಕೋಲ್ಯಾ ಪಂಚೆ ಸುತ್ತಿಕೊಂಡು ಏಣಿ ಹತ್ತಿ, ಪುಟ್ಟಸ್ವಾಮಿಯ ಜೊತೆ ತೆಂಗಿನ ಗರಿ ಕಟ್ಟಿದ. ಪಂಚೆ ಜಾರಿದಾಗಲೆಲ್ಲ ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹಿತ್ತಿಲಲ್ಲಿ ಅಕ್ಕತಂಗಿಯರು ಹುಳಿಗೆ ಕುಂಬಳಕಾಯಿ ಹೆಚ್ಚುತ್ತ ಕೂತಿದ್ದರು.

ಗಾಲ್ಯಾ ಫೋನು ನೋಡಿದವಳು ಚಾಕು ಕೆಳಗಿಟ್ಟಳು. ಅವಳ ದೇಶದ ರಾಜಧಾನಿಯ ಚೌಕದಲ್ಲಿ ಧರಣಿ ಕೂತಿದ್ದ ವಿದ್ಯಾರ್ಥಿಗಳನ್ನು ಪೊಲೀಸರು ಬಡಿದಿದ್ದರು. "ಮಕ್ಕಳು, ಅಕ್ಕ. ನನ್ನ ಹತ್ತಿರ ಓದಿದ ಮಕ್ಕಳೂ ಅಲ್ಲಿದ್ದಾರೆ" ಎಂದು ಕಣ್ಣೊರೆಸಿಕೊಂಡಳು.

ವೇರಾ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ದುಡ್ಡು ಕೊಟ್ಟು ಕೂರಿಸಿರೋ ಹುಡುಗರು. ಪಶ್ಚಿಮದವರು ಕುಣಿಸ್ತಾರೆ, ನೀವು ಕುಣೀತೀರಿ. ನಾಳೆ ಖಾರ್ಕೊವ್‌ನಲ್ಲೂ ಇದೇ ಆಗತ್ತೆ."

"ಖಾರ್ಕಿವ್."

"ಏನು?"

"ನಮ್ಮೂರ ಹೆಸರು ಖಾರ್ಕಿವ್. ಖಾರ್ಕೊವ್ ಅನ್ನೋದು ನಿಮ್ಮ ರಷ್ಯನ್ನಲ್ಲಿ."

"ಅಮ್ಮ ನಿನ್ನ ಹೆತ್ತಾಗ ಅದು ಖಾರ್ಕೊವ್ ಆಗಿತ್ತು. ನೀನು ಸಾಯೋವಾಗ್ಲೂ ಖಾರ್ಕೊವ್ ಆಗೇ ಇರತ್ತೆ."

ಗಾಲ್ಯಾ ಎದ್ದಳು. ವೇರಾನೂ ಎದ್ದಳು. ಕುಂಬಳದ ಹೋಳು ಅಂಗಳದ ತುಂಬ ಚೆಲ್ಲಿದವು. ಕೋಲ್ಯಾ ಏಣಿಯಿಂದ ಇಳಿದು ಬರುವಷ್ಟರಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಮದುವೆ ಮನೆಯ ಹೆಂಗಸರೆಲ್ಲ ದಂಗಾಗಿ ನಿಂತರು.

ದೊಡ್ಡಲಕ್ಷ್ಮಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದಳು. "ಏನಂತೆ ಇವ್ರ ಕಿತ್ತಾಟ?"

"ಊರಿನ ಹೆಸ್ರಿಗೆ ಅತ್ತೆ."

"ಹೆಸ್ರಿಗೆ ಯಾರಾದ್ರೂ ಕಿತ್ತಾಡ್ತಾರಾ? ಇದು ಹೊಲದ ಬದಿನ ಜಗಳ ಕಣೆ. ನಿಮ್ಮಾವಂಗೂ ಅವ್ರ ತಮ್ಮಂಗೂ ಇದ್ದಿದ್ದು ಇದೇಯ. ನೇಗ್ಲು ಒಂದ್ ಸಾಲು ಆಚೀಕ್ ಸರಿದ್ರೆ ಯಾರ್ಗೂ ಕಾಣಾಕಿಲ್ಲ. ವರ್ಸಕ್ಕೊಂದು ಸಾಲು ಅಂಗೇ ಸರೀತಾ ಬತ್ತದೆ. ಒಂದಿನ ಮಚ್ಚು ಬತ್ತದೆ. ಆ ತಮ್ಮ ಸತ್ತಾಗ ನಾವು ಮಣ್ಣಿಗೂ ಹೋಗ್ಲಿಲ್ಲ. ಬುಡುಸು ಅವ್ರ್ನ, ಮದ್ವೆ ಮನೆ ಇದು."

ಲೀಲಮ್ಮ ಬಿಡಿಸಿದಳು. ಮಾರನೇ ದಿನ ಇಬ್ಬರೂ ರೇಷ್ಮೆ ಸೀರೆಯುಟ್ಟು ಶ್ವೇತಳ ತಲೆಯ ಮೇಲೆ ಅಕ್ಷತೆ ಹಾಕಿದರು. ಫೋಟೋದಲ್ಲಿ ನಡುವೆ ಲೀಲಮ್ಮ, ಅತ್ತ ಒಬ್ಬಳು, ಇತ್ತ ಒಬ್ಬಳು. ಮೂವರೂ ಒಟ್ಟಿಗೆ ನಿಂತದ್ದು ಅದೇ ಕೊನೆ.

ನಾಲ್ಕು ತಿಂಗಳೊಳಗೆ ರಷ್ಯ ಕ್ರೈಮಿಯವನ್ನು ತೆಗೆದುಕೊಂಡಿತು. ವೇರಾ ಬಾವುಟದ ಚಿತ್ರ ಹಾಕಿ "ನಮ್ಮದು ನಮಗೆ ಬಂತು" ಎಂದು ಬರೆದಳು. ಗಾಲ್ಯಾ ಅಕ್ಕನ ನಂಬರನ್ನು ಬ್ಲಾಕ್ ಮಾಡಿದಳು. ರೈಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಅಮ್ಮನ ಎಂಬತ್ತನೇ ಹುಟ್ಟುಹಬ್ಬಕ್ಕೆ ವೇರಾ ಬಸ್ಸಿನಲ್ಲಿ ಹೊರಟು, ಗಡಿಯಲ್ಲಿ ಇಡೀ ದಿನ ಕಾದು, ಕೇಕು ಹಳಸಿದ ಮೇಲೆ ತಲುಪಿದಳು. ಗಾಲ್ಯಾ ಆ ಹೊತ್ತಿಗೆ ಬೇಕೆಂದೇ ಗೆಳತಿಯ ಮನೆಗೆ ಹೋಗಿದ್ದಳು. ಅಮ್ಮ ಫೋನಿನಲ್ಲಿ ಲೀಲಮ್ಮನಿಗೆ ಹೇಳಿದಳು: "ನಾನು ಮೂವರು ಮಕ್ಕಳನ್ನ ಹೆತ್ತೆ, ಲ್ಯೂದಾ. ಇಬ್ಬರು ರಾಯಭಾರಿಗಳನ್ನ ಹೆತ್ತೆ ಅಂತ ಗೊತ್ತಿರಲಿಲ್ಲ."

ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯಲ್ಲಿ ಯುದ್ಧ ಶುರುವಾದ ಬೆಳಿಗ್ಗೆ ಲೀಲಮ್ಮ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ರೇಷ್ಮೆ ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಹಸಿದಿದ್ದವು. ಸೊಪ್ಪು ಮೇಯುವ ಸದ್ದು ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಗಾಲ್ಯಾಳ ಫೋನು ಬಂತು.

"ಹೊಡೀತಿದ್ದಾರೆ, ಲ್ಯೂದಾ. ಕತ್ತಲೆ ಇರುವಾಗಲೇ ಶುರು ಮಾಡಿದ್ರು. ಗೋಡೆ ಅದುರ್ತಿದೆ. ಅಮ್ಮ ನೆಲಮಾಳಿಗೆಗೆ ಮೆಟ್ಟಿಲು ಇಳಿಯೋಕೆ ಒಪ್ತಿಲ್ಲ."

ಲೀಲಮ್ಮ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಬಿಟ್ಟು ವೇರಾಳಿಗೆ ಫೋನು ಮಾಡಿದಳು. ವೇರಾ ತಣ್ಣಗೆ ಮಾತಾಡಿದಳು. "ಗಾಬರಿ ಬೀಳಬೇಡ. ಮಿಲಿಟರಿ ಜಾಗಕ್ಕೆ ಮಾತ್ರ ಹೊಡೀತಾರೆ. ಊರವರ ಕೂದಲೂ ಕೊಂಕಲ್ಲ."

"ಗೋಡೆ ಅದುರ್ತಿದೆ ಅಂತಾಳಲ್ಲ ಅಕ್ಕ?"

"ನಮ್ಮ ಕಿಟಕಿನೂ ಅದುರ್ತಿದೆ. ಇಲ್ಲಿಂದಲೇ ತಾನೆ ಹಾರೋದು! ಒಂದು ವಾರ ತಡ್ಕೊಳ್ಳಿ. ಆಮೇಲೆ ಮೊದಲಿನ ಹಾಗೆ ನಾನು ರೈಲು ಹತ್ತಿ ಅಮ್ಮನ ನೋಡೋಕೆ ಹೋಗ್ತೀನಿ."

ಅಂದಿನಿಂದ ಲೀಲಮ್ಮ ಅಕ್ಕತಂಗಿಯರ ನಡುವಿನ ತಂತಿಯಾದಳು. ಅವರಿಬ್ಬರೂ ಮಾತಾಡುತ್ತಿರಲಿಲ್ಲ. ಗಾಲ್ಯಾ, "ನಿಮ್ಮಕ್ಕನಿಗೆ ಹೇಳು, ಅವಳ ಊರಿಂದ ಹಾರಿದ್ದು ನಮ್ಮ ಪಕ್ಕದ ಕಟ್ಟಡಕ್ಕೆ ಬಿತ್ತು, ಎರಡನೇ ಮಹಡಿಯ ಮುದುಕ ಸತ್ತ" ಎನ್ನುವಳು. ಲೀಲಮ್ಮ ವೇರಾಳಿಗೆ, "ಗಾಲ್ಯಾ ನಿನ್ನ ಕೇಳಿದಳು. ಹೆದರಿದ್ದಾಳೆ" ಎಂದಷ್ಟೇ ಹೇಳುವಳು. ವೇರಾ, "ತಮ್ಮ ಜನರ ಮೇಲೆ ತಾವೇ ಹೊಡೆದುಕೊಂಡು ನಮ್ಮ ಮೇಲೆ ಹಾಕ್ತಾರೆ" ಎನ್ನುವಳು. ಲೀಲಮ್ಮ ಗಾಲ್ಯಾಳಿಗೆ, "ಅಕ್ಕ ಊಟ ಬಿಟ್ಟು ಕೂತಿದ್ದಾಳಂತೆ. ಅಳ್ತಿದ್ದಳು" ಎನ್ನುವಳು. ಅಕ್ಕ ಅತ್ತಿರಲಿಲ್ಲ. ಆದರೆ ಅಳಬೇಕಿತ್ತು, ಹಾಗಾಗಿ ತಾನು ಹೇಳಿದ್ದು ಅರ್ಧ ಸುಳ್ಳು ಮಾತ್ರ ಎಂದು ಲೀಲಮ್ಮ ಸಮಾಧಾನ ಮಾಡಿಕೊಂಡಳು. ಸೊಸೆಯಾಗಿ ಬಂದ ಮನೆಯಲ್ಲಿ, ಓರಗಿತ್ತಿಯರ ನಡುವೆ ಆಕೆ ಕಲಿತ ವಿದ್ಯೆ ಅದು. ಇಲ್ಲಿಯ ಕಹಿಯನ್ನು ಅಲ್ಲಿಗೆ ಒಯ್ಯುವಾಗ ದಾರಿಯಲ್ಲೇ ಒಂದಿಷ್ಟು ಚೆಲ್ಲಿಬಿಡಬೇಕು.

ಊರಿನವರಿಗೆ ಇದು ಟಿವಿಯ ಆಟವಾಗಿತ್ತು. ಟೀ ಅಂಗಡಿಯ ಮುಂದೆ ಹಾದರೆ ಯಾರಾದರೂ ಕೂಗುತ್ತಿದ್ದರು: "ಲೀಲಮ್ಮಾರೆ, ನಿಮ್ಮೋರು ಬೋ ಜೋರಾಗವ್ರೆ! ಇನ್ನೊಂದ್ ವಾರ್ದಾಗೆ ಮುಗ್ಸ್ ಬುಡ್ತಾರೆ." ನಮ್ಮೋರು ಅಂದರೆ ಯಾರು ಎಂದು ಒಮ್ಮೆ ಆಕೆ ಕೇಳಿಯೇಬಿಟ್ಟಳು. ಕೂಗಿದವನು ಯೋಚಿಸಿ, "ಯಾರಾದ್ರೇನ್ ಬುಡಿ, ಗೆದ್ದೋರೇಯ" ಎಂದ.

ರೇಷ್ಮೆ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋದಾಗ, ವರ್ಷಗಳಿಂದ ಅವಳ ಗೂಡು ಕೊಳ್ಳುತ್ತಿದ್ದ ತನ್ವೀರ್ ದರದ ಮಾತು ಎತ್ತುವ ಮೊದಲು ಕೇಳಿದ: "ಅಮ್ಮಾ, ಮನೆಯವರೆಲ್ಲ ಸೇಫ್ ಅವ್ರಾ?"

"ಅಮ್ಮ, ತಂಗಿ ಒಂದ್ ಕಡೆ ಅವ್ರೆ. ಅಕ್ಕ ಇನ್ನೊಂದ್ ಕಡೆ."

"ಜನ ಕೇಳ್ತಾರಾ, ನೀನ್ ಯಾವ ಕಡೆ ಅಂತ?"

"ಕೇಳ್ತಾರಪ್ಪ."

"ನಮ್ಮನ್ನ ಹುಟ್ಟಿದಾಗ್ನಿಂದ ಕೇಳ್ತಾ ಅವ್ರೆ. ನಾನು ಚನ್ನಪಟ್ಟಣ ಬುಟ್ಟು ಆಚೆ ಮೈಸೂರು ನೋಡಿದ್ದೇ ಹೆಚ್ಚು" ಎಂದು ತನ್ವೀರ್ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಆಮೇಲೆ ದರ ಹೇಳಿದ.

ಏಪ್ರಿಲ್‌ನಲ್ಲಿ ಅಮ್ಮ ಸತ್ತಳು. ಗಾಲ್ಯಾ ನೀರು ಹಿಡಿಯಲು ಬೀದಿಯ ಕೊನೆಗೆ ಹೋಗಿದ್ದಳು. ಶೆಲ್ಲು ಬಂದು ಮನೆಯ ಮೆಟ್ಟಿಲ ಪಕ್ಕದ ಗೋಡೆಗೆ ಬಿತ್ತು. ಅಮ್ಮ ಅದೇ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದಳು. ಅಲ್ಲಿ ಕಿಟಕಿಯಿಲ್ಲ, ಗಾಜು ಸಿಡಿಯುವುದಿಲ್ಲ ಎಂದು ಗಾಲ್ಯಾಳೇ ಕೂರಿಸಿ ಹೋಗಿದ್ದಳು. ಮಣ್ಣು ಮಾಡಲು ಗಾಲ್ಯಾ, ಇಬ್ಬರು ನೆರೆಯವರು, ವ್ಯಾನಿನ ಡ್ರೈವರು, ಇಷ್ಟೇ ಜನ. ದೂರದಲ್ಲಿ ಗುಂಡಿನ ಸದ್ದು ಕೇಳುತ್ತಿದ್ದುದರಿಂದ ಪಾದ್ರಿ ಮಂತ್ರವನ್ನು ಅರ್ಧಕ್ಕೇ ಮುಗಿಸಿದ.

ಲೀಲಮ್ಮ ಅಂಗಳದ ಕಲ್ಲಿನ ಮೇಲೆ ಕೂತು ಬಾಯಿ ಬಿಟ್ಟು ಅತ್ತಳು. ದೊಡ್ಡಲಕ್ಷ್ಮಮ್ಮ ಅವಳ ತಲೆಗೆ ನೀರು ಹುಯ್ದಳು. ಬೀದಿಯ ಹೆಂಗಸರು ಬಂದು ಕೂತರು. ಅಮ್ಮನ ಮುಖ ನೋಡಿರದಿದ್ದರೂ ಅವಳ ಗುಣ ಹೇಳಿ ಅತ್ತರು.

ಮೈ ಒರೆಸಿಕೊಂಡವಳೇ ವೇರಾಳಿಗೆ ಫೋನು ಮಾಡಿದಳು. ಅಮ್ಮ ಹೋದದ್ದನ್ನು ಹೇಳಿದಳು. ವೇರಾ ಕೇಳಿದಳು: "ಯಾರ ಶೆಲ್ಲು ಅಂತ ಗ್ಯಾರಂಟಿ ಏನು?"

"ಅಕ್ಕ, ಅಮ್ಮ ಸತ್ತಿದ್ದಾಳೆ."

"ಗೊತ್ತಾಯ್ತು. ಯಾರು ಕೊಂದ್ರು ಅಂತ ಕೇಳ್ತಿದೀನಿ. ನಮ್ಮವರು ಮನೆಗಳಿಗೆ ಹೊಡೆಯಲ್ಲ. ಗಾಲ್ಯಾ ಅಮ್ಮನ ಅಲ್ಲಿಂದ ಯಾಕೆ ಕರ್ಕೊಂಡು ಹೋಗಲಿಲ್ಲ? ನನ್ನ ಹತ್ತಿರ ಕಳಿಸಬಹುದಿತ್ತು. ಅವಳ ಹಟಾನೇ ಅಮ್ಮನ ಕೊಂದದ್ದು."

ಲೀಲಮ್ಮ ಆ ಮಾತನ್ನು ಗಂಟಲಲ್ಲೇ ಇಟ್ಟುಕೊಂಡಳು. ಮರುದಿನ ಗಾಲ್ಯಾ, "ನಿಮ್ಮಕ್ಕ ಏನಂದಳು?" ಎಂದು ಕೇಳಿದಾಗ ಅವಳ ಬಾಯಿಂದ ಬಂದದ್ದು ಪೂರ್ತಿ ಸುಳ್ಳು. "ನೆಲಕ್ಕೆ ಬಿದ್ದು ಹೊರಳಾಡಿದಳು, ಗಾಲ್ಯಾ. ನಿಮ್ಮ ಮಾತು ನಂಬಲಿಲ್ಲ, ನನ್ನ ಕ್ಷಮಿಸೋಕೆ ಹೇಳು ಅಂದಳು."

ಗಾಲ್ಯಾ ಉಸಿರೆಳೆದುಕೊಂಡದ್ದು ಕೇಳಿಸಿತು. "ಹಾಗಂದಳಾ? ನಿಜವಾಗ್ಲೂ?"

"ನಿಜವಾಗ್ಲೂ."

ಲೀಲಮ್ಮ ಲೆಕ್ಕ ಹಾಕಿರದಿದ್ದದ್ದು ಒಂದೇ. ಗಾಲ್ಯಾ ಕರಗಿದಳು. ಎಂಟು ವರ್ಷ ಮುಚ್ಚಿಟ್ಟಿದ್ದ ನಂಬರನ್ನು ತೆರೆದು, ತಾನೇ ಅಕ್ಕನಿಗೆ ಫೋನು ಮಾಡಿದಳು. "ವೇರಾ, ನಾನು ಕ್ಷಮಿಸಿದೀನಿ. ಅಮ್ಮನ ಸಲುವಾಗಿ" ಎಂದಳು.

ವೇರಾಳಿಗೆ ಮೈಯೆಲ್ಲ ಉರಿಯಿತು. ನೀನು ಯಾರು ಕ್ಷಮಿಸೋಕೆ, ನಾನು ಯಾವಾಗ ಕೇಳಿದೆ, ಅಮ್ಮನ ಸಾಯಿಸಿದವಳೇ ನೀನು ಎಂದಳು. ಗಾಲ್ಯಾ ಏನೆಂದಳೋ ಲೀಲಮ್ಮನಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಆ ಮಧ್ಯಾಹ್ನ ಮೊದಲು ಒಬ್ಬಳು, ಬೆನ್ನಿಗೇ ಇನ್ನೊಬ್ಬಳು ಫೋನು ಮಾಡಿದರು. ಅಷ್ಟು ವರ್ಷಗಳಲ್ಲಿ ಇಬ್ಬರೂ ಒಂದೇ ಮಾತನ್ನು ಆಡಿದ್ದು ಅಂದೇ.

ಗಾಲ್ಯಾ ಹೇಳಿದಳು: "ಅಮ್ಮನ ಹೆಣದ ಮೇಲೂ ನೀನು ಸುಳ್ಳು ಹೇಳಿದೆ. ಕೊಂದವರಿಗೂ ಸತ್ತವರಿಗೂ ಒಂದೇ ಬೆಣ್ಣೆ ಹಚ್ಚಿದೆ. ಇನ್ನು ನನಗೆ ಫೋನು ಮಾಡಬೇಡ."

ವೇರಾ ಹೇಳಿದಳು: "ನಾನು ಆಡದ ಮಾತನ್ನ ನನ್ನ ಬಾಯಿಗೆ ತುರುಕೋಕೆ ನೀನ್ಯಾರು? ನೀನು ದೂರದಲ್ಲಿ ತೆಂಗಿನ ಮರದ ನೆರಳಲ್ಲಿ ಕೂತು ನ್ಯಾಯ ಹೇಳ್ತೀಯ. ಫೋನು ಮಾಡಬೇಡ."

ಅಮ್ಮ ಇದ್ದಾಗ ತವರು ಎರಡು ಚೂರಾಗಿತ್ತು. ಅಮ್ಮ ಹೋದ ಮೇಲೆ ಚೂರೂ ಉಳಿಯಲಿಲ್ಲ. ಗೌರಿ ಹಬ್ಬದಲ್ಲಿ ಬೀದಿಯ ಸೊಸೆಯಂದಿರಿಗೆಲ್ಲ ತವರಿಂದ ಬಾಗಿನ ಬಂದಾಗ ಅವಳು ಒಳಗೆ ಸೇರಿ ಕದ ಹಾಕಿಕೊಂಡಳು. ಅವಳಿಗೆ ಅಲ್ಲಿಂದ ಬಾಗಿನ ಎಂದೂ ಬಂದಿರಲಿಲ್ಲ. ಆದರೂ ಆ ವರ್ಷ ತಪ್ಪಿಹೋದಂತೆ ಅನಿಸಿತು.

ಒಂಟಿಯಾಗಿ ಅವಳು ಫೋನಿನಲ್ಲಿ ತನ್ನೂರಿನ ಸುದ್ದಿ ಓದತೊಡಗಿದಳು. ತಾನು ಕಲಿತ ಶಾಲೆಯ ಚಾವಣಿ ಬಿದ್ದದ್ದು, ಪುಟ್ಟಸ್ವಾಮಿ ಅವಳಿಗೆ ಮೊದಲ ಸಲ ಐಸ್‌ಕ್ರೀಂ ಕೊಡಿಸಿದ ಪಾರ್ಕಿನಲ್ಲಿ ಗುಂಡಿ ಬಿದ್ದದ್ದು, ಗೆಳತಿಯ ಮಗನ ಎರಡು ಕಾಲು ಹೋದದ್ದು. ಒಂದೊಂದನ್ನೂ ನೋಡಿದಾಗ ಅವಳಿಗೆ ವೇರಾಳ ದನಿ ಕೇಳುತ್ತಿತ್ತು: ನಮ್ಮ ಕಿಟಕಿನೂ ಅದುರ್ತಿದೆ, ಇಲ್ಲಿಂದಲೇ ತಾನೆ ಹಾರೋದು. ಆ ದನಿಯಲ್ಲಿ ಹೆಮ್ಮೆಯಿತ್ತು ಎಂದು ಆಗ ಅನಿಸಿರಲಿಲ್ಲ. ಈಗ ಅನಿಸಿತು. ಸೊಪ್ಪು ಕೊಯ್ಯುವಾಗ, ಹಾಲು ಕರೆಯುವಾಗ ಮನಸ್ಸಿನಲ್ಲೇ ಅಕ್ಕನೊಡನೆ ಜಗಳವಾಡುವಳು. ಪ್ರತಿ ಸಲ ಇವಳೇ ಗೆಲ್ಲುವಳು.

ಮಾರನೇ ವರ್ಷದ ಕೊನೆಯಲ್ಲಿ, ಹೊಸವರ್ಷಕ್ಕೆ ಇನ್ನೇನು ಒಂದೆರಡು ದಿನ ಇರುವಾಗ, ಉಕ್ರೇನಿನ ಕಡೆಯಿಂದ ಬೆಲ್ಗೊರದಿನ ಮೇಲೆ ಗುಂಡು ಬಿದ್ದವು. ಹಬ್ಬದ ದೀಪ ಹಾಕಿದ್ದ ಚೌಕದ ಸುತ್ತ, ಪೇಟೆಗೆ ಬಂದ ಜನರ ನಡುವೆ. ಪುಟ್ಟಸ್ವಾಮಿ ಸುದ್ದಿ ಓದಿ, "ಲೀಲ, ನಿಮ್ಮಕ್ಕಂಗೆ ಒಂದ್ ಫೋನ್ ಮಾಡು" ಎಂದ. "ಅವರೇ ಮಾಡ್ಲಿ" ಎಂದು ಆಕೆ ಕಾಫಿ ಲೋಟ ತೊಳೆಯಲು ಎದ್ದಳು.

ಮಾರನೇ ಬೆಳಿಗ್ಗೆ ವೇರಾಳೇ ಮಾಡಿದಳು. ಪುಟ್ಟಸ್ವಾಮಿ ಕನಕಪುರಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ದೊಡ್ಡಲಕ್ಷ್ಮಮ್ಮ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದಳು.

"ಲ್ಯೂದಾ" ಎಂದಳು ವೇರಾ. ದನಿ ಒಡೆದಿತ್ತು. "ಹೊಡೆದ್ರು, ಲ್ಯೂದಾ. ನಮ್ಮ ಮೇಲೆ ಹೊಡೆದ್ರು. ಊರ ಮಧ್ಯೆ. ಮಕ್ಕಳಿದ್ದರು ಅಲ್ಲಿ..."

ಲೀಲಮ್ಮನಿಗೆ ಅಯ್ಯೋ ಅನಿಸಿತು, ನಿಜ. ಆದರೆ ಅದಕ್ಕಿಂತ ಮೊದಲು ಎದ್ದು ಬಂದದ್ದು ಬೇರೆ ಏನೋ. ತಿಂಗಳುಗಟ್ಟಲೆ ಸೊಪ್ಪು ಕೊಯ್ಯುತ್ತ ಮಸೆದಿಟ್ಟ ಮಾತು ತಾನಾಗಿ ನಾಲಿಗೆಗೆ ಬಂತು.

"ಯಾರ ಶೆಲ್ಲು ಅಂತ ಗ್ಯಾರಂಟಿ ಏನು, ಅಕ್ಕ?"

ಅಷ್ಟಕ್ಕೇ ಅವಳು ನಿಲ್ಲಿಸಲಿಲ್ಲ.

"ನಿಮ್ಮವರೇ ನಿಮ್ಮ ಮೇಲೆ ಹೊಡ್ಕೊಂಡಿರಬಹುದು. ಇಲ್ಲಿಂದಲೇ ತಾನೆ ಹಾರೋದು ಅಂತಿದ್ದೆಯಲ್ಲ. ಒಂದು ತಿರುಗಿ ಬಂದಿರಬೇಕು. ಈಗ ಗೊತ್ತಾಯ್ತಾ, ಗೋಡೆ ಅದುರೋದು ಅಂದ್ರೆ ಏನು ಅಂತ? ಅಮ್ಮನ ಗೋಡೆ ಅದುರುವಾಗ ನಿನಗೆ ಗೊತ್ತಾಗಲಿಲ್ಲ. ಈಗ ಅನುಭವಿಸು."

ವೇರಾ ಏನೋ ಹೇಳಲು ಬಾಯಿ ತೆರೆದಳು. ಅರ್ಧ ಅಕ್ಷರದಷ್ಟು ದನಿ ಬಂತು. ಆಮೇಲೆ ಫೋನು ಕಟ್ಟಾಯಿತು.

ಲೀಲಮ್ಮ ಫೋನು ಕೆಳಗಿಟ್ಟಳು. ಒಳಗೆ ಹಾಯಾಗಿತ್ತು. ಬಹುಕಾಲ ನೋಯುತ್ತಿದ್ದ ಹಲ್ಲು ಕಿತ್ತು ಹಾಕಿದ ಮೇಲೆ ಬಾಯಲ್ಲಿ ರಕ್ತ ತುಂಬಿಕೊಂಡರೂ ಆಗುತ್ತದಲ್ಲ, ಅಂಥ ಹಾಯಿ. ಅದೇ ಹುಮ್ಮಸ್ಸಿನಲ್ಲಿ ಗಾಲ್ಯಾಳಿಗೆ ತಾನು ಅಂದದ್ದನ್ನೆಲ್ಲ ಒಂದೂ ಬಿಡದೆ ಬರೆದು ಕಳಿಸಿದಳು. ಇಷ್ಟು ದಿನ ಉತ್ತರವೇ ಕೊಡದಿದ್ದ ತಂಗಿ ಆ ಕ್ಷಣವೇ ಫೋನು ಮಾಡಿದಳು.

"ಹಾಗೇ ಅಂದೆಯಾ? ಅದೇ ಮಾತು? ಅಯ್ಯೋ, ಲ್ಯೂದಾ!" ಗಾಲ್ಯಾ ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಕೊನೆಗೂ ನಮ್ಮ ಕಡೆಯವಳಾದೆ."

ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಮ್ಮನ ಗೋರಿಯ ಮೇಲೆ ನೆಟ್ಟ ಹೂವಿನ ಗಿಡ, ಶ್ವೇತಳ ಮಗಳ ಹಲ್ಲು, ಹಿಟ್ಟಿನ ಬೆಲೆ. ಅಕ್ಕನ ಊರಿನ ಮೇಲೆ ಗುಂಡು ಬಿದ್ದದ್ದರಿಂದ ಅವರು ಒಬ್ಬರಿಗೊಬ್ಬರು ಮತ್ತೆ ಸಿಕ್ಕಿದರು. ಲೀಲಮ್ಮನಿಗೆ ಆ ಹೊತ್ತಿನಲ್ಲಿ ಅದು ವಿಚಿತ್ರವಾಗಿ ಕಾಣಲೇ ಇಲ್ಲ.

ಮಧ್ಯಾಹ್ನದ ಊಟಕ್ಕೆ ಮುದ್ದೆ ಕಟ್ಟುತ್ತಿದ್ದಾಗ ವೇರಾಳ ಮೆಸೇಜು ಬಂತು. ಎರಡೇ ಸಾಲು.

"ಕೋಲ್ಯಾ ನಿನ್ನೆ ಚೌಕಕ್ಕೆ ಹೋಗಿದ್ದ. ಸತ್ತ. ಅದನ್ನ ಪುಟ್ಟಸ್ವಾಮಿಗೆ ಹೇಳೋಣ ಅಂತ ಫೋನು ಮಾಡಿದ್ದೆ."

ಲೀಲಮ್ಮ ಕೈ ತೊಳೆಯದೆಯೇ ಫೋನು ಒತ್ತಿದಳು. ಹೋಗಲಿಲ್ಲ. ಬರೆದಳು. ಒಂದೇ ಟಿಕ್ಕು ಬಿತ್ತು. ಮತ್ತೆ ಬರೆದಳು, ಮತ್ತೆ ಒಂದೇ ಟಿಕ್ಕು. ಫೋನಿನ ಗಾಜಿನ ಮೇಲೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡಿತು.

ಸಂಜೆ ಬಸ್ಸಿಳಿದು ಬಂದ ಪುಟ್ಟಸ್ವಾಮಿಗೆ ಕೋಲ್ಯಾ ಹೋದ ಎಂದಷ್ಟು ಹೇಳಿದಳು. ಅವನು ಅಂಗಳದಲ್ಲೇ ಕೂತುಬಿಟ್ಟ. "ಚಳಿಗೆ ನಂಗೆ ತನ್ನ ಕೋಟು ಕೊಟ್ಟು ತಾನು ಸ್ವೆಟರ್‌ನಾಗೆ ಓಡಾಡ್ದೋನು ಕಣೆ" ಎಂದು ಮುಖ ಮುಚ್ಚಿಕೊಂಡ. ಆಮೇಲೆ ಕೇಳಿದ: "ನಿಮ್ಮಕ್ಕ ಫೋನ್ ಮಾಡಿದ್ಲಾ? ಏನಂದೆ ಪಾಪ ಅವ್ಳ್ಗೆ?"

"ಸಮಾಧಾನ ಹೇಳ್ದೆ" ಎಂದಳು ಲೀಲಮ್ಮ.

ಪುಟ್ಟಸ್ವಾಮಿ ನಂಬಿದ. ಎರಡು ದಿನ ಬಂದು ಹೋದವರಿಗೆಲ್ಲ ಅದನ್ನೇ ಹೇಳಿದ. ಎಲ್ರೂ ದೂರ ಮಾಡಿದ್ರೂ ನಮ್ ಲೀಲ ಅಕ್ಕನ್ನ ಬುಡ್ಲಿಲ್ಲ, ದುಃಖದಾಗೆ ಅವ್ಳಿಗೆ ಇವ್ಳೇ ದಿಕ್ಕಾದ್ಲು ಎಂದ. ಬಂದವರು ಹೌದು, ಒಡಹುಟ್ಟು ಎಂದರೆ ಹಾಗಿರಬೇಕು ಎಂದರು. ಲೀಲಮ್ಮ ಅವರಿಗೆಲ್ಲ ಕಾಫಿ ಕೊಟ್ಟಳು.

ಜನ ಕರಗಿದ ಮೇಲೆ ದೊಡ್ಡಲಕ್ಷ್ಮಮ್ಮ ಸೊಸೆಯನ್ನು ಹತ್ತಿರ ಕರೆದಳು. ಎಲೆಯಡಿಕೆಯ ಕೆಂಪು ರಸ ಒರೆಸಿಕೊಂಡು ಮೆಲ್ಲಗೆ ಹೇಳಿದಳು: "ಅವತ್ತು ನೀ ಸಮಾಧಾನ ಹೇಳಿದ್ದಲ್ಲ ಕಣೆ. ನಂಗೆ ನಿಮ್ ಭಾಸೆ ಬರಾಕಿಲ್ಲ. ಕಿವಿ ಐತೆ."

ಲೀಲಮ್ಮ ತಲೆ ಎತ್ತಲಿಲ್ಲ. "ಊಂ ಅತ್ತೆ."

"ಮತ್ತೆ ಫೋನ್ ಮಾಡು."

"ತಗಿಯಾಕಿಲ್ಲ ಅತ್ತೆ. ಮುಚ್ಬುಟ್ಟವ್ಳೆ."

"ಚಿಕ್ಕೋಳು ಮಾಡ್ತಾಳಾ?"

"ಮಾಡ್ತಾಳೆ. ದಿನಾ ಮಾಡ್ತಾಳೆ."

ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಗಾಲ್ಯಾಳದೇ. ಕೋಲ್ಯಾನ ಸುದ್ದಿ ಅವಳಿಗೂ ಬೇರೆಯವರಿಂದ ತಲುಪಿತ್ತು. ಹಿಂದಿನ ದಿನ ಆ ಮಾತು ಎತ್ತಿ, "ಅಮ್ಮ ಸತ್ತಾಗ ಅವನು ಅತ್ತಿದ್ದನಾ?" ಎಂದು ಕೇಳಿದ್ದಳು. ಇಲ್ಲ ಎಂದು ಲೀಲಮ್ಮ ಹೇಳಿದ್ದಳು. ನಿಜವಾಗಿ ಅವನು ಅತ್ತನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ದೊಡ್ಡಲಕ್ಷ್ಮಮ್ಮ ಸೊಸೆಯ ಮುಖ ನೋಡುತ್ತ ಕೂತಿದ್ದಳು. ಲೀಲಮ್ಮ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಾತಾಡಲು ಒಳಗೆ ಹೋದಳು.